"ತೀರ್ಪು ಮಾಡಬೇಡಿ" ಅಂದರೆ ಲೆಕ್ಕ ಕೇಳಬಾರದು ಅಂತಲೇ? ದೀನತೆ, ದೂರು ಮತ್ತು ಗುರುಗಳ ಗೌರವ

ಕೋಡಿಬಾಗ_ಓದುಗ:
ಎಲ್ಲರಿಗೂ ನಮಸ್ಕಾರ. ಒಂದು ವಿಷಯ ಬಿಡಿಸಿ ಹೇಳುವವರು ಬೇಕಾಗಿದ್ದಾರೆ. ಮಳೆಗಾಲಕ್ಕೆ ಮುಂಚೆ ಇಗರ್ಜಿಯ (ಚರ್ಚಿನ) ಹೆಂಚು ಬದಲಿಸಲು ವಂತಿಗೆ ಎತ್ತುತ್ತಾರೆ, ಫೆಸ್ತಿಗೆ (ಇಗರ್ಜಿಯ ಹಬ್ಬಕ್ಕೆ) ಖರ್ಚಾಗುತ್ತದೆ, ಹೊಸದಾಗಿ ಬಂದ ಗುರುಗಳು ಹಳೆಯ ಪದ್ಧತಿಯೊಂದನ್ನು ಬದಲಿಸುತ್ತಾರೆ. ಆಗ ಯಾರಾದರೂ "ಇದು ಹೇಗೆ?" ಎಂದು ಕೇಳಿದರೆ ಕೂಡಲೇ ಮತ್ತಾಯ 7:1ರ "ತೀರ್ಪು ಮಾಡಬೇಡಿ" ತೋರಿಸಿ ಬಾಯಿ ಮುಚ್ಚಿಸುತ್ತಾರೆ. ಕೇಳುವವರದ್ದೂ ತಪ್ಪಿಲ್ಲವೆಂದಲ್ಲ. ವಾರ್ಡಿನ ವಾಟ್ಸಾಪ್ ಗುಂಪಿನಲ್ಲಿ ಹೆಂಚಿನಿಂದ ಶುರುವಾದ ಮಾತು ಗುರುಗಳ ಸ್ವಭಾವ, ಊರು, ಮನೆತನದವರೆಗೆ ಹೋಗುತ್ತದೆ. ಎರಡೂ ಕಡೆಯವರು ಬೈಬಲ್ ಹಿಡಿದೇ ಮಾತಾಡುತ್ತಾರೆ. ಕೇಳುವುದು ಎಲ್ಲಿಗೆ ಮುಗಿಯುತ್ತದೆ, ತೀರ್ಪು ಎಲ್ಲಿ ಶುರುವಾಗುತ್ತದೆ? ವಾಕ್ಯವನ್ನೂ ಧರ್ಮಸಭೆಯ ಕಾನೂನನ್ನೂ ಬಲ್ಲವರು ಹೇಳಿ. ಯಾರ ಹೆಸರೂ, ಯಾವ ಧರ್ಮಕೇಂದ್ರದ ಹೆಸರೂ ಬೇಡ.

ಘಟ್ಟದ_ಮಾಸ್ತರ (ಶಿರಸಿ):
ಮೊದಲು ಮತ್ತಾಯ 7ನ್ನು ಒಂದನೇ ವಚನಕ್ಕೇ ನಿಲ್ಲಿಸದೆ ಓದಬೇಕು. ಅದೇ ಅಧ್ಯಾಯದ 6ನೇ ವಚನದಲ್ಲಿ ಪವಿತ್ರವಾದದ್ದನ್ನು ನಾಯಿಗಳಿಗೆ ಹಾಕಬೇಡಿ ಎನ್ನುತ್ತಾನೆ ಯೇಸು. 15ರಿಂದ 20ರವರೆಗೆ ಸುಳ್ಳು ಪ್ರವಾದಿಗಳನ್ನು ಫಲದಿಂದ ಗುರುತಿಸಿ ಎನ್ನುತ್ತಾನೆ. ಯಾವುದು ಪವಿತ್ರ, ಯಾವುದು ಕೆಟ್ಟ ಫಲ ಎಂದು ವಿವೇಚಿಸದೆ ಈ ಎರಡು ಮಾತನ್ನು ಪಾಲಿಸುವುದು ಹೇಗೆ? ಯೋಹಾನ 7:24ರಲ್ಲಂತೂ ಹೊರತೋರಿಕೆ ನೋಡಿ ತೀರ್ಪು ಮಾಡಬೇಡಿ, ನ್ಯಾಯವಾದ ತೀರ್ಪು ಮಾಡಿ ಎಂದು ನೇರವಾಗಿ ಇದೆ. ಹಾಗಾಗಿ ನಿಷೇಧ ಇರುವುದು ವಿವೇಚನೆಗಲ್ಲ. ಒಬ್ಬನ ಮನಸ್ಸಿನ ಉದ್ದೇಶವನ್ನು ತಾನು ಕಂಡಂತೆ ಮಾತಾಡುವುದು, ದೇವರ ಮುಂದೆ ಅವನ ಗತಿ ಇಷ್ಟೇ ಎಂದು ಮುಗಿಸಿಬಿಡುವುದು, ತನಗೊಂದು ಅಳತೆ ಅವನಿಗೊಂದು ಅಳತೆ ಇಡುವುದು, ನಿಷೇಧ ಇವಕ್ಕೆ. "ಈ ತಿಂಗಳ ಜಮಾ ಪುಸ್ತಕದಲ್ಲಿ ಬರೆದಿಲ್ಲ" ಅನ್ನುವುದು ಕಣ್ಣಿಗೆ ಕಂಡ ಸಂಗತಿ. "ಅವರಿಗೆ ದುಡ್ಡಿನ ಆಸೆ" ಅನ್ನುವುದು ತೀರ್ಪು. ಮೊದಲನೆಯದು ನಿಜವಿದ್ದರೂ ಎರಡನೆಯದು ಅದರಿಂದ ಹುಟ್ಟುವುದಿಲ್ಲ.

ಇನ್ನು ರವೆ ಮತ್ತು ತೊಲೆ, ತಮ್ಮನ ಕಣ್ಣಿನ ರವೆ ನೋಡುವವನು ತನ್ನ ಕಣ್ಣಿನ ತೊಲೆ ಕಾಣುವುದಿಲ್ಲ ಎಂಬ ಮಾತು. ಜನ ಇದನ್ನು "ರವೆಯ ಸುದ್ದಿಗೆ ಹೋಗಬೇಡ" ಎಂದು ಓದುತ್ತಾರೆ. 5ನೇ ವಚನ ಹಾಗೆ ಹೇಳುವುದಿಲ್ಲ. ಮೊದಲು ನಿನ್ನ ತೊಲೆ ತೆಗೆ, ಆಮೇಲೆ ತಮ್ಮನ ಕಣ್ಣಿನ ರವೆ ತೆಗೆಯಲು ನಿನಗೆ ಚೆನ್ನಾಗಿ ಕಾಣುತ್ತದೆ ಎನ್ನುತ್ತದೆ. ರವೆ ತೆಗೆಯಲೇಬೇಕು. ಕಣ್ಣಿಗೆ ಏನಾದರೂ ಬಿದ್ದವನಿಗೆ ನಾವು ಏನು ಮಾಡುತ್ತೇವೆ ನೋಡಿ. ಉಜ್ಜಬೇಡ ಅನ್ನುತ್ತೇವೆ. ನಮ್ಮ ಕೈ ತೊಳೆದುಕೊಳ್ಳುತ್ತೇವೆ, ಅವನನ್ನು ಬೆಳಕಿಗೆ ಮುಖ ಮಾಡಿ ಕೂರಿಸುತ್ತೇವೆ, ಕೆಳರೆಪ್ಪೆ ಎಳೆದು ನೋಡಿ ಶುದ್ಧ ನೀರು ಹರಿಸುತ್ತೇವೆ, ಹೋಗದಿದ್ದರೆ ಒದ್ದೆ ಬಟ್ಟೆಯ ಚುಂಗಿನಿಂದ ಮೆಲ್ಲಗೆ ಒರೆಸುತ್ತೇವೆ. ಕಪ್ಪುಗುಡ್ಡೆಗೆ ಚುಚ್ಚಿಕೊಂಡಿದ್ದರೆ ಕೈ ಹಚ್ಚದೆ ಡಾಕ್ಟರ ಹತ್ತಿರ ಕರೆದೊಯ್ಯುತ್ತೇವೆ. ದೂರ ನಿಂತು ಹತ್ತು ಜನರನ್ನು ಕರೆದು "ಇವನ ಕಣ್ಣು ನೋಡಿ" ಎಂದರೆ ರವೆ ಹೊರಗೆ ಬರುವುದಿಲ್ಲ. ಹತ್ತಿರ ಹೋಗಬೇಕು, ಅವನು ಒಪ್ಪಬೇಕು, ನಮ್ಮ ಕೈ ಶುದ್ಧವಿರಬೇಕು, ನಮ್ಮಿಂದ ಆಗದ್ದು ಯಾವುದೆಂದು ಗೊತ್ತಿರಬೇಕು.

ಸಭೆಯ_ಹಿರಿಯ (ಹೊನ್ನಾವರ):
ಮಾಸ್ತರ್‌ರೇ, ನಿಮ್ಮ ಮಾತು ವಿಶ್ವಾಸಿಗಳು ಒಬ್ಬರಿಗೊಬ್ಬರು ಮಾಡುವ ವಿಷಯಕ್ಕೆ ಸರಿ. ದೇವರ ಸೇವಕರ ವಿಷಯಕ್ಕೆ ಬಂದಾಗ ವಾಕ್ಯ ಬೇರೆ ಇದೆಯಲ್ಲ. ಕೀರ್ತನೆ 105:15, ನಾನು ಅಭಿಷೇಕಿಸಿದವರನ್ನು ಮುಟ್ಟಬೇಡಿರಿ. ಅರಣ್ಯಕಾಂಡ 12ರಲ್ಲಿ ಮೋಶೆಯ ವಿರುದ್ಧ ಮಾತಾಡಿದ ಮಿರ್ಯಾಮಳಿಗೆ ಕುಷ್ಠ ಹತ್ತಿತು. 16ರಲ್ಲಿ ಮೋಶೆಗೆ ಎದುರು ನಿಂತ ಕೋರಹನನ್ನು ಭೂಮಿ ನುಂಗಿತು. ಅವನೂ "ಸಭೆಯವರೆಲ್ಲರೂ ಪರಿಶುದ್ಧರೇ, ನೀವು ಯಾಕೆ ಮೇಲೆ ಕೂತಿದ್ದೀರಿ" ಎಂದೇ ಕೇಳಿದ್ದು. ಇಬ್ರಿಯ 13:17 ನಾಯಕರಿಗೆ ವಿಧೇಯರಾಗಿ ಎನ್ನುತ್ತದೆ. ಇವತ್ತು ಪ್ರಶ್ನೆ ಕೇಳುವುದನ್ನು ಕಲಿಸಿದರೆ ನಾಳೆ ಸಭೆಯೇ ಒಡೆಯುತ್ತದೆ. ನಮ್ಮ ಕರಾವಳಿಯ ಸಣ್ಣ ಸಭೆಗಳು ಒಡೆದು ಎರಡಾಗಲು ಹೆಚ್ಚು ಹೊತ್ತು ಬೇಡ.

ಕಾಳಿ_ಕಡವು (ಸದಾಶಿವಗಡ):
ಹಿರಿಯರೇ, ಸಭೆ ಒಡೆಯಬಾರದು ಎಂಬ ನಿಮ್ಮ ಕಳಕಳಿ ನ್ಯಾಯವಾದದ್ದು. ಆದರೆ ಈ ವಾಕ್ಯಗಳನ್ನು ಅವುಗಳ ಜಾಗದಲ್ಲಿಟ್ಟು ಓದಬೇಕು.

ಕೀರ್ತನೆ 105ರಲ್ಲಿ ಆ ಮಾತು ಬಂದಿರುವುದು ಅಬ್ರಹಾಮ, ಇಸಾಕ, ಯಾಕೋಬರು ನೆಲೆಯಿಲ್ಲದೆ ದೇಶದಿಂದ ದೇಶಕ್ಕೆ ಅಲೆಯುತ್ತಿದ್ದಾಗ, ಅವರಿಗೆ ಕೇಡು ಮಾಡಬೇಡಿ ಎಂದು ದೇವರು ಅರಸರನ್ನು ಗದರಿಸಿದ ಸಂದರ್ಭದಲ್ಲಿ. ಬಲವಿಲ್ಲದವರನ್ನು ಬಲಿಷ್ಠರಿಂದ ಕಾಪಾಡಿದ ಮಾತು ಅದು. ಅದನ್ನು ತಿರುಗಿಸಿ, ಅಧಿಕಾರದಲ್ಲಿರುವವನನ್ನು ಬಡ ವಿಶ್ವಾಸಿಯಿಂದ ಕಾಪಾಡಲು ಬಳಸುವುದು ಸರಿಯಲ್ಲ.

ದಾವೀದನನ್ನು ನೋಡಿ. ತನ್ನನ್ನು ಕೊಲ್ಲಲು ಹುಡುಕುತ್ತಿದ್ದ ಅರಸ ಸೌಲನನ್ನು ಅಭಿಷಿಕ್ತನೆಂದು ಮುಟ್ಟಲಿಲ್ಲ, ನಿಲುವಂಗಿಯ ಅಂಚು ಕೊಯ್ದದ್ದಕ್ಕೇ ಮನಸ್ಸು ಚುಚ್ಚಿತು (1 ಸಮುವೇಲ 24). ಆದರೆ ಸುಮ್ಮನಿದ್ದನೇ? ಗುಹೆಯಿಂದ ಹೊರಗೆ ಬಂದು, ತಲೆಬಾಗಿ ನಮಸ್ಕರಿಸಿ, ಕೊಯ್ದ ತುಂಡನ್ನು ಕೈಯಲ್ಲಿ ಹಿಡಿದು, ನನ್ನ ಮೇಲೆ ಬಂದ ಮಾತು ಸುಳ್ಳು, ನೋಡು ಎಂದು ಮುಖಕ್ಕೇ ಹೇಳಿದ. ಗೌರವವೂ ಇದೆ, ಸಾಕ್ಷ್ಯವೂ ಇದೆ, ಮಾತೂ ಇದೆ. ಆಮೇಲೆ ಅದೇ ದಾವೀದ ಅರಸನಾದಾಗ ಪ್ರವಾದಿ ನಾತಾನ ಬಂದು, ಅವನ ತಪ್ಪನ್ನು ಕಥೆಯಾಗಿ ಹೇಳಿ, "ಆ ಮನುಷ್ಯ ನೀನೇ" ಎಂದ. ಆಗ ದಾವೀದ "ನಾನು ಅಭಿಷಿಕ್ತ" ಎನ್ನಲಿಲ್ಲ, ಪಾಪ ಮಾಡಿದ್ದೇನೆ ಎಂದ.

ಕೋರಹನಿಗೆ ಬೇಕಾಗಿದ್ದದ್ದು ಯಾಜಕತ್ವದ ಹುದ್ದೆ, 16:10ರಲ್ಲಿ ಮೋಶೆಯೇ ಅದನ್ನು ಹೇಳುತ್ತಾನೆ. ಅವನ ಪಕ್ಕದಲ್ಲಿ ಅಪೊಸ್ತಲರ ಕೃತ್ಯ 6ನ್ನು ಇಟ್ಟು ನೋಡಿ. ದಿನದ ಹಂಚಿಕೆಯಲ್ಲಿ ತಮ್ಮ ವಿಧವೆಯರನ್ನು ಬಿಡುತ್ತಿದ್ದಾರೆಂದು ಗ್ರೀಕ್ ಮಾತಾಡುವವರು ಗೊಣಗಿದರು. ದೂರು ಹೋಗಿ ಮುಟ್ಟಿದ್ದು ಸಾಕ್ಷಾತ್ ಅಪೊಸ್ತಲರ ಆಡಳಿತಕ್ಕೆ. ಅವರು ಯಾರನ್ನೂ ಗದರಿಸಲಿಲ್ಲ. ಸಭೆ ಕರೆದರು, ಒಳ್ಳೆಯ ಹೆಸರಿನ ಏಳು ಜನರನ್ನು ನೀವೇ ಆರಿಸಿ ಎಂದರು, ಕೆಲಸ ಒಪ್ಪಿಸಿದರು. ಆಯ್ಕೆಯಾದ ಏಳೂ ಹೆಸರು ಗ್ರೀಕ್ ಹೆಸರೇ. ಸಭೆ ಒಡೆಯಲಿಲ್ಲ. 7ನೇ ವಚನದಲ್ಲಿ ಶಿಷ್ಯರ ಸಂಖ್ಯೆ ಹೆಚ್ಚಿತು ಎಂದಿದೆ.

ಬಂದರ_ಮಗಳು (ಬೈತಖೋಲ):
ಗುರುಗಳ ಮೇಲಿನ ತೀರ್ಪಿನ ಬಗ್ಗೆಯೇ ಎಲ್ಲರೂ ಬರೆಯುತ್ತಿದ್ದೀರಿ. ನಮ್ಮಲ್ಲಿ ದಿನಾ ನಡೆಯುವ ತೀರ್ಪು ಬಡವರ ಮೇಲಿನದು, ಅದನ್ನೂ ಹೇಳಬೇಕು.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಬೋಟಿನ ಕೂಲಿಯನ್ನೇ ನಂಬಿದ ಮನೆಗೆ ಆ ಎರಡು ತಿಂಗಳು ಕೈ ಖಾಲಿ. ಹೆಂಚಿನ ವಂತಿಗೆ ಎತ್ತುವುದು ಮೇ ತಿಂಗಳಲ್ಲಿ, ಅವರು ಅಕ್ಕಿ ತುಂಬಿಟ್ಟುಕೊಳ್ಳುವ ಹೊತ್ತಿನಲ್ಲಿ. ಕೊಡದವರ ಹೆಸರನ್ನು ನೋಟಿಸ್ ಬೋರ್ಡಿಗೆ ಹಾಕಿದರೆ ಅದು ಯಾಕೋಬ 2ರ ಪಾಪವೇ. ಚಿನ್ನದ ಉಂಗುರದವನಿಗೆ ಒಳ್ಳೆಯ ಜಾಗ, ಕೊಳಕು ಬಟ್ಟೆಯವನಿಗೆ ಕಾಲ ಹತ್ತಿರ ಜಾಗ. ಯಾಕೋಬನು ಅಂಥವರನ್ನು ಕರೆದದ್ದೇ ಕೆಟ್ಟ ಆಲೋಚನೆಯ ನ್ಯಾಯಾಧೀಶರು ಎಂದು. ವಂತಿಗೆಯನ್ನು ಸೆಪ್ಟೆಂಬರಿನಿಂದ ಕಂತಿನಲ್ಲಿ ತೆಗೆದುಕೊಳ್ಳಬಹುದು, ಹಣದ ಬದಲು ಹೆಂಚು ಹೊರುವ ಕೆಲಸಕ್ಕೆ ಕರೆಯಬಹುದು. ಬೋರ್ಡಿಗೆ ಒಟ್ಟು ಮೊತ್ತ ಹಾಕಿ, ಹೆಸರು ಬೇಡ.

ಇನ್ನೊಂದು: "ಅವಳು ಭಾನುವಾರದ ಪೂಜೆಗೆ ಬರುವುದಿಲ್ಲ." ಮೀನು ಬರುವುದು ನಸುಕಿನಲ್ಲಿ. ಬುಟ್ಟಿ ಹೊತ್ತವಳು ಏಳೂವರೆಯ ಪೂಜೆಗೆ ಹೇಗೆ ಬಂದಾಳು? ಶನಿವಾರ ಸಂಜೆಯ ಬಲಿಪೂಜೆಗೆ ಬಂದರೂ ಭಾನುವಾರದ ಕಟ್ಟಳೆ ತೀರುತ್ತದೆ, ಇದು ಧರ್ಮಸಭೆಯ ಕಾನೂನಿನ ಕ್ಯಾನನ್ (ಕಲಂ) 1248ರಲ್ಲೇ ಇದೆ. ಅವಳು ಅಲ್ಲಿಗೆ ಬರುತ್ತಾಳೋ ಇಲ್ಲವೋ ನೋಡದೆ ಮಾತಾಡುವವರೇ ಹೆಚ್ಚು. ಶನಿವಾರದ ಪೂಜೆ ಇಲ್ಲದ ಕಡೆ ಅದನ್ನು ಇಡಿ ಎಂದು ಗುರುಗಳನ್ನು ಕೇಳುವುದು ಅವಳನ್ನು ಬೈಯುವುದಕ್ಕಿಂತ ಒಳ್ಳೆಯ ಕೆಲಸ.

ಕೋಡಿಬಾಗ_ಓದುಗ:
ಅಕ್ಕ, ಹೆಸರಿನ ಬೋರ್ಡಿನ ಮಾತು ನೇರವಾಗಿ ತಾಗಿತು. ಹಾಗಾದರೆ ಲೆಕ್ಕ ಕೇಳುವ ಸರಿಯಾದ ದಾರಿ ಯಾವುದು? ಕಾನೂನಿನಲ್ಲಿ ಏನಿದೆ?

ಲೆಕ್ಕಪತ್ರ (ಕುಮಟಾ):
ಕಥೋಲಿಕರಿಗೆ 1983ರ ಧರ್ಮಸಭಾ ಕಾನೂನು ಸಂಹಿತೆ ಇದೆ. ಸಾಮಾನ್ಯ ವಿಶ್ವಾಸಿ ತಿಳಿದಿರಬೇಕಾದವು ಕೆಲವು.

ಕ್ಯಾನನ್ 212ರ 3ನೇ ಭಾಗ: ವಿಶ್ವಾಸಿಗಳು ತಮ್ಮ ತಿಳಿವಳಿಕೆಗೆ ತಕ್ಕಂತೆ, ಸಭೆಯ ಒಳಿತಿನ ವಿಷಯದಲ್ಲಿ ತಮ್ಮ ಅಭಿಪ್ರಾಯವನ್ನು ಪಾಲಕರಿಗೆ ತಿಳಿಸುವ ಹಕ್ಕುಳ್ಳವರು, ಕೆಲವೊಮ್ಮೆ ಅದು ಕರ್ತವ್ಯವೂ ಹೌದು. ಅದೇ ವಾಕ್ಯದಲ್ಲೇ ಷರತ್ತೂ ಇದೆ. ಪಾಲಕರ ಮೇಲೆ ಪೂಜ್ಯಭಾವ ಇರಬೇಕು, ಎಲ್ಲರ ಹಿತವನ್ನೂ ವ್ಯಕ್ತಿಗಳ ಘನತೆಯನ್ನೂ ಗಮನಿಸಬೇಕು. ಹಕ್ಕಿನ ಅರ್ಧವನ್ನು ಒಬ್ಬರು, ಷರತ್ತಿನ ಅರ್ಧವನ್ನು ಇನ್ನೊಬ್ಬರು ಹಿಡಿದು ಜಗಳ ಮಾಡುವುದು ನಮ್ಮ ರೋಗ. ಕ್ಯಾನನ್ 220: ಯಾರೂ ಇನ್ನೊಬ್ಬರ ಒಳ್ಳೆಯ ಹೆಸರಿಗೆ ಅನ್ಯಾಯವಾಗಿ ಹಾನಿ ಮಾಡುವಂತಿಲ್ಲ. ಗುರುಗಳಿಗೂ ಈ ರಕ್ಷಣೆ ಇದೆ, ಪ್ರಶ್ನೆ ಕೇಳಿದವನಿಗೂ ಇದೆ.

ಹಣದ ವಿಷಯ. ಕ್ಯಾನನ್ 537ರ ಪ್ರಕಾರ ಪ್ರತಿ ಧರ್ಮಕೇಂದ್ರದಲ್ಲಿ ಹಣಕಾಸು ಸಮಿತಿ ಇರಲೇಬೇಕು. ಪಾಲನಾ ಸಮಿತಿ (536) ಸಲಹೆ ಕೊಡುವಂಥದ್ದು, ಅದಕ್ಕೆ ನಿರ್ಣಯದ ಮತವಿಲ್ಲ. ಇದನ್ನು ತಿಳಿಯದೆ ಸಮಿತಿಯ ಸದಸ್ಯರು "ನಾವು ತಳ್ಳಿಹಾಕಿದ್ದನ್ನು ಫಾದರ್ ಹೇಗೆ ಮಾಡಿದರು?" ಎಂದು ಕೋಪಿಸಿಕೊಳ್ಳುತ್ತಾರೆ. ನಿರ್ಣಯ ಗುರುಗಳದೇ. ಆದರೆ ಲೆಕ್ಕ ಕೊಡುವುದು ಅವರ ಇಷ್ಟಕ್ಕೆ ಬಿಟ್ಟದ್ದಲ್ಲ. ಕ್ಯಾನನ್ 1287ರ 2ನೇ ಭಾಗ, ವಿಶ್ವಾಸಿಗಳು ಕೊಟ್ಟದ್ದರ ಲೆಕ್ಕವನ್ನು ಸ್ಥಳೀಯ ನಿಯಮದಂತೆ ವಿಶ್ವಾಸಿಗಳಿಗೆ ಒಪ್ಪಿಸಬೇಕು ಎನ್ನುತ್ತದೆ. 1267ರ 3ನೇ ಭಾಗ ಇನ್ನೂ ಮುಖ್ಯ: ಒಂದು ಉದ್ದೇಶಕ್ಕೆಂದು ಕೊಟ್ಟ ಕಾಣಿಕೆಯನ್ನು ಆ ಉದ್ದೇಶಕ್ಕೇ ಬಳಸಬೇಕು. ಹೆಂಚಿಗೆಂದು ಎತ್ತಿದ್ದನ್ನು ಫೆಸ್ತಿನ ಬ್ಯಾಂಡಿಗೆ ಹಾಕುವಂತಿಲ್ಲ. ಬ್ಯಾಂಡಿಗೆಂದು ಕೊಟ್ಟದ್ದನ್ನು, ಎಷ್ಟೇ ಒಳ್ಳೆಯ ಉದ್ದೇಶವಿದ್ದರೂ, ಕೊಟ್ಟವರನ್ನು ಕೇಳದೆ ಹೆಂಚಿಗೆ ಹಾಕುವಂತಿಲ್ಲ.

ಪ್ರಶ್ನೆ ಕೆಟ್ಟುಹೋಗುವುದು ಬಹುತೇಕ ಕೇಳುವ ರೀತಿಯಿಂದ. ಪೂಜೆ ಮುಗಿದ ಕೂಡಲೇ ಸಂಕ್ರಿಸ್ತಿಯ (ಗುರುಗಳು ಪೂಜೆಗೆ ಸಿದ್ಧವಾಗುವ ಕೋಣೆಯ) ಬಾಗಿಲಲ್ಲಿ ನಾಲ್ಕು ಜನ ಸುತ್ತುಗಟ್ಟಿ ಕೇಳಿದರೆ ಯಾರಿಗಾದರೂ ಆರೋಪದಂತೆಯೇ ಕೇಳಿಸುತ್ತದೆ. ಅವರಿಗೆ ಇನ್ನೊಂದು ಉಪಕೇಂದ್ರಕ್ಕೆ ಹೊರಡುವ ಅವಸರವಿರುತ್ತದೆ, ಕೈಯಲ್ಲಿ ಪುಸ್ತಕವೂ ಇರುವುದಿಲ್ಲ. ವಾರದ ನಡುವೆ ಸಮಯ ಕೇಳಿಕೊಂಡು, ಒಬ್ಬರೇ, ಹೆಚ್ಚೆಂದರೆ ಇಬ್ಬರು ಹೋಗಿ. ಮೊದಲು ಹಣಕಾಸು ಸಮಿತಿಯ ಸದಸ್ಯರೊಬ್ಬರನ್ನು ಕೇಳಿ, ಅರ್ಧ ಪ್ರಶ್ನೆಗಳು ಅಲ್ಲೇ ಮುಗಿಯುತ್ತವೆ. ಕೇಳುವುದು ಒಂದೇ ನಿಧಿಯ ಬಗ್ಗೆ ಇರಲಿ: ಎಷ್ಟು ರಸೀದಿ ಪುಸ್ತಕ ಹೊರಗೆ ಹೋಗಿತ್ತು, ಎಷ್ಟು ಹಿಂದೆ ಬಂತು, ಬ್ಯಾಂಕಿಗೆ ಜಮಾ ಎಷ್ಟು, ಹೆಂಚು, ರೀಪು, ಪಕ್ಕಾಸು, ಕೂಲಿ, ಸಾಗಾಟಕ್ಕೆ ಬೇರೆ ಬೇರೆಯಾಗಿ ಎಷ್ಟು, ಉಳಿಕೆ ಎಲ್ಲಿದೆ. ವ್ಯತ್ಯಾಸ ಬರುವುದು ಹೆಚ್ಚಾಗಿ ಹಿಂದಿರುಗದ ರಸೀದಿ ಪುಸ್ತಕದಿಂದ, ಇಲ್ಲವೇ ಬಿಲ್ ಇಲ್ಲದ ಕೂಲಿಯಿಂದ. ಎರಡರಲ್ಲೂ ಗುರುಗಳ ಕೈ ಇರುವುದಕ್ಕಿಂತ ಪುಸ್ತಕ ಹಿಡಿದ ವಾರ್ಡಿನವರ ಅಸಡ್ಡೆ ಇರುವುದೇ ಹೆಚ್ಚು. ಹಾಗಾಗಿ ಮೊದಲ ದಿನವೇ "ಕಳ್ಳತನ" ಎಂದವರು ಆಮೇಲೆ ತಮ್ಮ ಅಕ್ಕಪಕ್ಕದವರ ಮುಂದೆ ತಲೆ ತಗ್ಗಿಸಬೇಕಾಗುತ್ತದೆ.

ಬಾಯಿಮಾತಿಗೆ ಉತ್ತರ ಬರದಿದ್ದರೆ ಒಂದು ಪುಟದ ಕಾಗದ. ತಾರೀಖು, ಯಾವ ನಿಧಿ, ಯಾವ ತಿಂಗಳು, ಏನು ತಿಳಿಯಬೇಕು, ಕೆಳಗೆ ಸಹಿ. ಸಹಿಯಿಲ್ಲದ ಕಾಗದ ಬರೆಯಬೇಡಿ, ಅದನ್ನು ಯಾರೂ ನಂಬುವುದಿಲ್ಲ, ಯಾರ ಮೇಲೂ ಸಂಶಯ ಹಬ್ಬಿಸುತ್ತದೆ. ಉತ್ತರಕ್ಕೆ ಮೂರು ನಾಲ್ಕು ವಾರ ಬಿಡಿ. ಆಮೇಲೂ ಇಲ್ಲವೆಂದರೆ ವಲಯದ ಡೀನ್, ನಂತರ ಧರ್ಮಾಧ್ಯಕ್ಷರ (ಬಿಷಪರ) ಕಚೇರಿ. ಕಾರವಾರ ಧರ್ಮಪ್ರಾಂತ್ಯ ಬೆಳಗಾವಿಯಿಂದ ಬೇರೆಯಾದದ್ದು 1976ರಲ್ಲಿ, ಆಮೇಲೆ ಇಲ್ಲಿಯವರಿಗೆ ಈ ಕೊನೆಯ ಮೆಟ್ಟಿಲು ಜಿಲ್ಲೆಯೊಳಗೇ ಇದೆ. ಪ್ರತಿ ಕಾಗದದ ಪ್ರತಿಯನ್ನು ಮೊದಲು ಗುರುಗಳಿಗೇ ಕೊಡಿ. ಅವರ ಬೆನ್ನ ಹಿಂದೆ ಹೋಗಬೇಡಿ.

ಮತ್ತಾಯ 18:15ರಿಂದ 17ರ ಕ್ರಮವೂ ಇದೇ. ಒಬ್ಬನೇ ಹೋಗು, ಆಮೇಲೆ ಇಬ್ಬರು ಮೂವರು, ಆಮೇಲೆ ಸಭೆ. ನಮ್ಮ ವಾಟ್ಸಾಪ್ ಗುಂಪುಗಳು ಮೂರನೆಯ ಮೆಟ್ಟಿಲಿನಿಂದ ಶುರು ಮಾಡುತ್ತವೆ.

ಸಭೆಯ_ಹಿರಿಯ:
ಕಾಳಿ_ಕಡವು ಅವರೇ, ಕೀರ್ತನೆ 105ರ ಬಗ್ಗೆ ನೀವು ಹೇಳಿದ್ದನ್ನು ಒಪ್ಪುತ್ತೇನೆ. ಕೋರಹನ ಬಗ್ಗೆಯೂ. ಮಿರ್ಯಾಮಳ ವಿಷಯ ಬಿಟ್ಟಿರಿ.

ಲೆಕ್ಕಪತ್ರದವರ ದಾರಿ ಕಥೋಲಿಕರಿಗೆ. ನಮ್ಮಲ್ಲಿ ಸ್ವತಂತ್ರ ಸಭೆಗಳಿವೆ. ಮೇಲೆ ಬಿಷಪ್ ಇಲ್ಲ, ಡೀನ್ ಇಲ್ಲ. ಪಾಸ್ಟರೇ ಸ್ಥಾಪಕರು, ಎಷ್ಟೋ ಕಡೆ ಜಾಗವೂ ಅವರ ಹೆಸರಲ್ಲೇ. ಅಲ್ಲಿ ವಿಶ್ವಾಸಿ ಏನು ಮಾಡಬೇಕು?

ಲೆಕ್ಕಪತ್ರ:
ಸಭೆ ನೋಂದಣಿಯಾಗಿದೆಯೇ ನೋಡಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿಯಲ್ಲಿದ್ದರೆ ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ನಡೆಯಬೇಕು, ಲೆಕ್ಕಪತ್ರ ರಿಜಿಸ್ಟ್ರಾರರಿಗೆ ಹೋಗಬೇಕು. ಟ್ರಸ್ಟ್ ಆಗಿದ್ದರೆ ಟ್ರಸ್ಟ್ ಪತ್ರದಲ್ಲಿ ಏನಿದೆಯೋ ಅದು. ಎರಡೂ ಇಲ್ಲದಿದ್ದರೆ ಕಾಣಿಕೆ ಹೋಗುವುದು ಒಬ್ಬರ ಸ್ವಂತ ಖಾತೆಗೆ. ಹಾಗಿರುವಾಗ ಪಾಸ್ಟರ್ ಎಷ್ಟೇ ಪ್ರಾಮಾಣಿಕರಾಗಿದ್ದರೂ ತಾವು ಪ್ರಾಮಾಣಿಕರೆಂದು ತೋರಿಸುವುದಕ್ಕೆ ಅವರ ಕೈಯಲ್ಲಿ ಏನೂ ಇರುವುದಿಲ್ಲ. ಕಡೇಪಕ್ಷ ಸಭೆಯ ಹೆಸರಲ್ಲಿ ಖಾತೆ, ಇಬ್ಬರ ಸಹಿ, ಕಾಣಿಕೆಯನ್ನು ಅಂದೇ ಇಬ್ಬರು ಕೂತು ಎಣಿಸಿ ಪುಸ್ತಕಕ್ಕೆ ಬರೆಯುವುದು ಇರಲಿ. ಇಬ್ಬರೂ ಒಂದೇ ಮನೆಯವರಾಗಬಾರದು.

ಪೌಲನು ಯೆರೂಸಲೇಮಿಗೆ ಹಣ ಒಯ್ಯುವಾಗ ಮಾಡಿದ್ದೂ ಇದನ್ನೇ. 1 ಕೊರಿಂಥ 16:3ರಲ್ಲಿ ನೀವೇ ಒಪ್ಪಿದವರ ಕೈಯಲ್ಲಿ ಕಳಿಸುತ್ತೇನೆ ಎನ್ನುತ್ತಾನೆ. 2 ಕೊರಿಂಥ 8:20-21ರಲ್ಲಿ, ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ನಮ್ಮ ಮೇಲೆ ತಪ್ಪು ಹೊರಿಸಬಾರದೆಂದು ಜಾಗ್ರತೆ ಮಾಡುತ್ತೇವೆ, ಕರ್ತನ ಮುಂದೆ ಮಾತ್ರವಲ್ಲ ಮನುಷ್ಯರ ಮುಂದೆಯೂ ಸರಿಯಾಗಿರಬೇಕು ಎನ್ನುತ್ತಾನೆ. ಅಪೊಸ್ತಲನೇ ಕೇಳುವ ಮುಂಚೆ ಲೆಕ್ಕಕ್ಕೆ ಸಾಕ್ಷಿ ಇಟ್ಟುಕೊಂಡ. ಹಿರಿಯರೇ, ನೀವು ತೋರಿಸಿದ ಇಬ್ರಿಯ 13:17ರಲ್ಲೇ ವಿಧೇಯರಾಗಿರಿ ಎಂದಾದ ಮೇಲೆ, ಅವರು ನಿಮ್ಮ ಆತ್ಮಗಳ ವಿಷಯದಲ್ಲಿ ಲೆಕ್ಕ ಒಪ್ಪಿಸಬೇಕಾದವರು ಎಂದೂ ಇದೆ.

ಕಾಳಿ_ಕಡವು:
ಮಿರ್ಯಾಮಳ ಅಧ್ಯಾಯವನ್ನು ಬಿಟ್ಟದ್ದು ಮರೆತಲ್ಲ, ಅದಕ್ಕೆ ಪ್ರತ್ಯೇಕ ಜಾಗ ಬೇಕಿತ್ತು. ಅಲ್ಲಿ ಎತ್ತಿದ ಮಾತು ಮೋಶೆಯ ಕೂಷ್ ದೇಶದ ಹೆಂಡತಿಯದ್ದು, ಒಳಗಿದ್ದ ಮಾತು "ಯೆಹೋವನು ಮೋಶೆಯ ಮೂಲಕ ಮಾತ್ರವೇ ಮಾತಾಡಿದನೋ?" ಎಂಬುದು. ನಮ್ಮ ಗುಂಪುಗಳಲ್ಲಿ ಹೆಂಚಿನಿಂದ ಶುರುವಾಗಿ ಮನೆತನಕ್ಕೆ ಮುಟ್ಟುವುದೂ ಇದೇ ದಾರಿಯಲ್ಲಿ. ಆ ಅಧ್ಯಾಯ ದೂರುವವರಿಗೆ ಎಚ್ಚರಿಕೆ ಹೌದು. ಆದರೆ ನಾಯಕರಿಗೂ ಅಲ್ಲಿ ಪಾಠವಿದೆ. ಮೋಶೆ ತನ್ನ ಪರವಾಗಿ ಒಂದು ಮಾತೂ ಆಡಲಿಲ್ಲ. ಅವಳಿಗೆ ಕುಷ್ಠ ಬಂದಾಗ ವಾಸಿ ಮಾಡು ಎಂದು ಮೊರೆಯಿಟ್ಟವನೂ ಅವನೇ. ಅವಳು ಪಾಳೆಯದ ಹೊರಗಿದ್ದ ಏಳು ದಿನ ಇಡೀ ಜನ ಹೊರಡದೆ ಕಾದರು. ಭೂಮಿಯ ಮೇಲೆ ಎಲ್ಲರಿಗಿಂತ ದೀನ ಎಂದು ಮೋಶೆಗೆ ಹೆಸರು ಬಂದದ್ದು ಇದೇ ಅಧ್ಯಾಯದಲ್ಲಿ. ಪ್ರಶ್ನೆ ಕೇಳಿದವನ ಮನೆಯ ಮದುವೆಗೆ, ತಿಥಿಗೆ ತಡೆ ಹಾಕುವುದು ಮೋಶೆಯ ದಾರಿಯಲ್ಲ.

ಚಂದಾವರ_ದಾರಿ:
ಪೌಲನು ಪೇತ್ರನನ್ನು ಎಲ್ಲರ ಎದುರಿಗೇ ಖಂಡಿಸಿದನಲ್ಲ (ಗಲಾತ್ಯ 2:11-14). ಹಾಗಾದರೆ ಬಹಿರಂಗವಾಗಿ ಹೇಳುವುದೂ ಸರಿಯಲ್ಲವೇ? ಎಲ್ಲದಕ್ಕೂ ಒಬ್ಬೊಬ್ಬರೇ ಹೋಗಿ ಮೆಲ್ಲಗೆ ಹೇಳಬೇಕೆಂದರೆ ಎಷ್ಟೋ ವಿಷಯ ಮುಚ್ಚಿಹೋಗುತ್ತದೆ.

ಘಟ್ಟದ_ಮಾಸ್ತರ:
ಆಗುತ್ತದೆ, ಆದರೆ ಅಲ್ಲಿ ಏನೇನಿತ್ತು ನೋಡಿ. ಪೇತ್ರ ಅನ್ಯಜನರೊಂದಿಗೆ (ಯೆಹೂದ್ಯರಲ್ಲದವರೊಂದಿಗೆ) ಊಟ ಬಿಟ್ಟದ್ದು ಎಲ್ಲರ ಕಣ್ಣೆದುರಿಗೆ. ಅದನ್ನು ನೋಡಿ ಬಾರ್ನಬನೂ ಜಾರಿದ, ಅಂದರೆ ಹಾನಿ ಹಬ್ಬುತ್ತಿತ್ತು. ಪೌಲ ಹೇಳಿದ್ದು ಪೇತ್ರನ ಮುಖಕ್ಕೆ, ಅವನಿಲ್ಲದ ಜಾಗದಲ್ಲಲ್ಲ. ಹೇಳಿದ್ದು ಮಾಡಿದ ಕೆಲಸದ ಬಗ್ಗೆ. ಅಪೊಸ್ತಲತನವನ್ನು ಅಲ್ಲಗಳೆಯಲಿಲ್ಲ. ಇಷ್ಟೂ ಇದ್ದರೆ ಬಹಿರಂಗವಾಗಿ ಹೇಳಬಹುದು. ಗುಟ್ಟಿನಲ್ಲಿ ನಡೆದ ಒಬ್ಬರ ಬಲಹೀನತೆಗೆ ಗಲಾತ್ಯ 2 ಅಲ್ಲ, ಗಲಾತ್ಯ 6:1 ಇದೆ: ಸೌಮ್ಯತೆಯಿಂದ ಸರಿಪಡಿಸಿ, ನೀವೂ ಬೀಳದಂತೆ ನೋಡಿಕೊಳ್ಳಿ.

ಹಿರಿಯರ ಮೇಲಿನ ದೂರಿಗೆ 1 ತಿಮೊಥೆಯ 5:19ರಿಂದ 21. ಇಬ್ಬರು ಮೂವರು ಸಾಕ್ಷಿಗಳಿಲ್ಲದೆ ದೂರು ತೆಗೆದುಕೊಳ್ಳಬೇಡ. ಪಾಪದಲ್ಲೇ ನಡೆಯುತ್ತಿದ್ದರೆ ಎಲ್ಲರ ಮುಂದೆ ಗದರಿಸು. ಪಕ್ಷಪಾತ ಬೇಡ. ಈ ಮೂರನ್ನು ಒಟ್ಟಿಗೆ ಓದಬೇಕು. ಅದಕ್ಕೂ ಮುಂಚೆ 17ನೇ ವಚನದಲ್ಲಿ ಚೆನ್ನಾಗಿ ನಡೆಸುವ ಹಿರಿಯರು ಇಮ್ಮಡಿ ಮಾನಕ್ಕೆ ಯೋಗ್ಯರು ಎಂದಿದೆ, 18ರಲ್ಲಿ ಕಣ ತುಳಿಯುವ ಎತ್ತು ಮತ್ತು ಕೂಲಿಯ ಮಾತಿದೆ. ಗೌರವ ಎಂದರೆ ಹೂಹಾರ ಮಾತ್ರ ಅಲ್ಲ, ಅವರ ಜೀವನ ನಡೆಯುವಷ್ಟು ಕೊಡುವುದೂ ಹೌದು. ಯಲ್ಲಾಪುರ, ಹಳಿಯಾಳದ ಕಡೆ ಹಳ್ಳಿ ಹಳ್ಳಿ ಸುತ್ತುವ ಗುರುಗಳ ಗಾಡಿಗೆ ಪೆಟ್ರೋಲ್ ಎಲ್ಲಿಂದ ಬರುತ್ತದೆ ಎಂದು ಕೇಳದವರು, ಗಾಡಿ ಎಲ್ಲಿಂದ ಬಂತು ಎಂದು ಮಾತ್ರ ಕೇಳಿದರೆ ಅಳತೆ ಸರಿಯಿಲ್ಲ.

ಅಂಕೋಲಾ_ಅಕ್ಕೋರು:
ಗಾಡಿಯ ಮಾತು ಬಂತು, ಅದನ್ನೇ ಇಟ್ಟುಕೊಂಡು ಹೇಳುತ್ತೇನೆ. "ಫಾದರ್ ಹೊಸ ಬೈಕ್ ತೆಗೆದಿದ್ದಾರೆ, ನೋಡಿ ನಮ್ಮ ಹೆಂಚಿನ ದುಡ್ಡು." ಇಂಥ ಸಂದೇಶ ಗುಂಪಿಗೆ ಬಿತ್ತು ಎನ್ನಿ. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದ 2477ನೇ ಸಂಖ್ಯೆ ಮೂರು ಬೇರೆ ಬೇರೆ ತಪ್ಪು ಹೇಳುತ್ತದೆ. ಸಾಕಷ್ಟು ಆಧಾರವಿಲ್ಲದೆ ಒಬ್ಬರು ತಪ್ಪು ಮಾಡಿದ್ದಾರೆಂದು ನಂಬುವುದು ಮೊದಲನೆಯದು, ಮನಸ್ಸಿನಲ್ಲೇ ನಂಬಿದರೂ ಸರಿ. ನಿಜವಾದ ದೋಷವನ್ನೇ ತಕ್ಕ ಕಾರಣವಿಲ್ಲದೆ ತಿಳಿಯದವರಿಗೆ ತಿಳಿಸುವುದು ಎರಡನೆಯದು. ಸುಳ್ಳಿನಿಂದ ಹೆಸರು ಕೆಡಿಸುವುದು ಮೂರನೆಯದು. "ನಿಜವನ್ನೇ ಹೇಳಿದೆ" ಎಂದರೆ ಮೂರನೆಯದರಿಂದ ಮಾತ್ರ ಪಾರಾದಿರಿ.

ಮುಂದಿನ 2478ರಲ್ಲಿ ಸಂತ ಇಗ್ನೇಷಿಯಸರ ಸಲಹೆ ಇದೆ. ಇನ್ನೊಬ್ಬರ ಮಾತಿಗೆ ಮೊದಲು ಒಳ್ಳೆಯ ಅರ್ಥ ಹುಡುಕು. ಸಿಗದಿದ್ದರೆ ನೀವು ಯಾವ ಅರ್ಥದಲ್ಲಿ ಹೇಳಿದಿರಿ ಎಂದು ಅವರನ್ನೇ ಕೇಳು. ಅವರು ತಪ್ಪಾಗಿಯೇ ತಿಳಿದಿದ್ದರೆ ಪ್ರೀತಿಯಿಂದ ತಿದ್ದು. ಬೈಕಿನ ವಿಷಯಕ್ಕೆ ಹಚ್ಚಿದರೆ: ಸಂಬಂಧಿಕರು ಕೊಟ್ಟಿರಬಹುದು, ಧರ್ಮಪ್ರಾಂತ್ಯದ್ದಿರಬಹುದು. ಗೊತ್ತಿಲ್ಲವೆಂದರೆ ಕೇಳಲು ಒಂದು ಫೋನ್ ಸಾಕು.

ಸುಳ್ಳೆಂದು ಆಮೇಲೆ ತಿಳಿದರೆ? 2487: ಕ್ಷಮೆ ಸಿಕ್ಕಿದ್ದರೂ ಹಾನಿ ತುಂಬಿಕೊಡುವ ಹೊಣೆ ತಪ್ಪುವುದಿಲ್ಲ. ಪಾಪನಿವೇದನೆ ಮಾಡಿ ಬಂದೆ ಎಂದರೆ ಮುಗಿಯಲಿಲ್ಲ. ಸಂದೇಶ ಅಳಿಸಿದರೆ ಓದಿದವರ ತಲೆಯಿಂದ ಅದು ಅಳಿಯುವುದಿಲ್ಲ, "ಏನೋ ಇದ್ದದ್ದಕ್ಕೇ ಅಳಿಸಿದರು" ಎಂಬ ಹೊಸ ಸಂಶಯ ಬೇರೆ. ಅದೇ ಗುಂಪಿನಲ್ಲಿ, ತಾರೀಖು ಹೇಳಿ, ಹೀಗೆ ಬರೆಯಬೇಕು: "ಇಂಥ ದಿನ ನಾನು ಹಾಕಿದ ಮಾತು ಸುಳ್ಳು. ವಿಚಾರಿಸದೆ ಬರೆದೆ. ಗುರುಗಳ ಕ್ಷಮೆ ಕೇಳಿದ್ದೇನೆ." "ಯಾರಿಗಾದರೂ ನೋವಾಗಿದ್ದರೆ" ಎಂಬ ಮಾತು ಸೇರಿಸಬಾರದು, ಅದು ತಪ್ಪನ್ನು ಓದುವವರ ಮೇಲೆ ಹಾಕುತ್ತದೆ. ಬೇರೆ ಗುಂಪುಗಳಿಗೆ ನೀವೇ ಕಳಿಸಿದ್ದರೆ ಅಲ್ಲಿಗೂ ಇದನ್ನು ಕಳಿಸಬೇಕು. ಗುರುಗಳ ಹತ್ತಿರ ಮುಖತಃ ಹೋಗಬೇಕು. ಅಡ್ಮಿನ್ ಆದವರು ಒಂದು ನಿಯಮ ಇಟ್ಟುಕೊಳ್ಳಿ: ವಾರ್ಡಿನ ಗುಂಪು ಪೂಜೆಯ ವೇಳೆ, ಕಾಯಿಲೆ, ಸಾವು, ಸಹಾಯಕ್ಕೆ ಮಾತ್ರ. ವ್ಯಕ್ತಿಯ ಬಗ್ಗೆ ದೂರು ಬಂದರೆ ಅಲ್ಲೇ ವಾದಿಸದೆ, ಹಾಕಿದವರಿಗೆ ಫೋನ್ ಮಾಡಿ.

ಲೆಕ್ಕಪತ್ರ:
ಒಂದು ಎಚ್ಚರಿಕೆ, ಇದರಲ್ಲಿ ಚರ್ಚೆಗೆ ಜಾಗವಿಲ್ಲ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯದ ವಿಷಯಕ್ಕೆ ಮತ್ತಾಯ 18ರ ಮೆಟ್ಟಿಲುಗಳನ್ನು ಬಳಸಬೇಡಿ. ಮಗುವನ್ನಾಗಲಿ ತಾಯಿತಂದೆಯನ್ನಾಗಲಿ ಆರೋಪಿಯ ಹತ್ತಿರ "ಒಬ್ಬರೇ ಹೋಗಿ ಮಾತಾಡಿ" ಎಂದು ಕಳಿಸಬೇಡಿ. 2012ರ ಪೋಕ್ಸೋ ಕಾಯ್ದೆಯ 19ನೇ ಕಲಂ ಪ್ರಕಾರ ವಿಷಯ ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವುದು 21ನೇ ಕಲಂ ಪ್ರಕಾರ ಅಪರಾಧ. ಮಕ್ಕಳ ಸಹಾಯವಾಣಿ 1098. ಧರ್ಮಸಭೆಯೊಳಗೂ 2019ರಿಂದ ಗುರುಗಳು, ಸಿಸ್ಟರ್‌ಗಳು ಇಂಥದ್ದನ್ನು ಮೇಲಿನವರಿಗೆ ವರದಿ ಮಾಡಲೇಬೇಕೆಂಬ ಪೋಪರ ಆದೇಶವಿದೆ, ಆದರೆ ಅದು ಪೊಲೀಸ್ ದೂರಿನ ಬದಲಿಗಲ್ಲ. ಮಾಸ್ತರ್ ಹೇಳಿದ ಕಪ್ಪುಗುಡ್ಡೆಯ ಮಾತು ಇಂಥದ್ದಕ್ಕೆ. ನಮ್ಮ ಕೈ ಹಚ್ಚುವಂತಿಲ್ಲ.

ಸಭೆಯ_ಹಿರಿಯ:
ಇದಕ್ಕೆ ಪೂರ್ತಿ ಒಪ್ಪಿಗೆ. ಸ್ವತಂತ್ರ ಸಭೆಗಳಲ್ಲಿ ಇದನ್ನು ಬಾಗಿಲ ಹತ್ತಿರ ಅಂಟಿಸಬೇಕು, ಸಂಖ್ಯೆಯ ಸಮೇತ.

ಬಂದರ_ಮಗಳು:
ದೀನತೆ ಎಂದು ಮೇಲೆ ಶೀರ್ಷಿಕೆ ಇದೆ, ಅದರ ಮಾತು ಕಡಿಮೆಯಾಯಿತು. ಪುಣ್ಯ ಗುರುವಾರದ ಪಾದ ತೊಳೆಯುವುದನ್ನೇ ತೆಗೆದುಕೊಳ್ಳಿ. ಹನ್ನೆರಡು ಗಂಡಸರು, ಅದೇ ಸಮಿತಿಯವರು, ಅದೇ ದಾನಿಗಳು. 2016ರ ಜನವರಿಯ ರೋಮಿನ ಆದೇಶದ ಮೇಲೆ ಹೆಂಗಸರನ್ನೂ ಮಕ್ಕಳನ್ನೂ ಕೂರಿಸಬಹುದಲ್ಲವೇ? ಎಷ್ಟೋ ಕಡೆ ಇನ್ನೂ ಬದಲಾಗಿಲ್ಲ.

ಘಟ್ಟದ_ಮಾಸ್ತರ:
ಹೌದು ಅಕ್ಕ. ಹನ್ನೆರಡೇ ಇರಬೇಕೆಂದು ಪೂಜಾ ಪುಸ್ತಕದಲ್ಲಿಲ್ಲ. ಆದೇಶದ ಉದ್ದೇಶವೇ ಇಡೀ ದೇವಜನರ ಪ್ರತಿನಿಧಿಗಳು, ಗಂಡು ಹೆಣ್ಣು, ಎಳೆಯರು ಮುದುಕರು, ಆರೋಗ್ಯವಂತರು ರೋಗಿಗಳು ಇರಲಿ ಎಂಬುದು. ಪಾಲನಾ ಸಮಿತಿ ಫೆಬ್ರವರಿಯಲ್ಲೇ ಪಟ್ಟಿ ಮಾಡಲಿ. ವಾರ್ಡಿಗೆ ಒಬ್ಬರು, ಹಿಂದಿನ ಮೂರು ವರ್ಷ ಕೂತವರು ಬೇಡ, ಸಮಿತಿಯ ಸದಸ್ಯರು ಬೇಡ. ಕಾಲು ನೋವಿನವರಿಗೆ ಎತ್ತರದ ಕುರ್ಚಿ, ಉಗುರು ಬೆಚ್ಚನೆಯ ನೀರು, ಒಬ್ಬೊಬ್ಬರಿಗೂ ಬೇರೆ ಟವೆಲ್. ಮಕ್ಕಳಿಗೆ ಹೇಳಿಕೊಡುವಾಗ ಯೋಹಾನ 13ರಲ್ಲಿ ಯೇಸು ತನ್ನನ್ನು ಹಿಡಿದುಕೊಟ್ಟ ಯೂದನ ಕಾಲನ್ನೂ ತೊಳೆದ, ಅವನು ಎದ್ದು ಹೋದದ್ದು 30ನೇ ವಚನದಲ್ಲಿ ಎಂಬುದನ್ನು ಬಿಡಬೇಡಿ.

ಸುಳ್ಳು ದೀನತೆಯ ಬಗ್ಗೆಯೂ ಹೇಳಬೇಕು. ವಾಚನಕ್ಕೆ ಕರೆದರೆ "ನನಗೆ ಬರುವುದಿಲ್ಲ" ಎನ್ನುವುದು ಹೆಚ್ಚಿನ ಸಲ ದೀನತೆಯಲ್ಲ, ತಪ್ಪಿದರೆ ಜನ ಏನಂದಾರು ಎಂಬ ಭಯ. ರೋಮ 12:3 ತನ್ನನ್ನು ಹೆಚ್ಚಾಗಿ ಎಣಿಸಬೇಡ, ಇದ್ದಷ್ಟನ್ನು ಸರಿಯಾಗಿ ಎಣಿಸು ಎನ್ನುತ್ತದೆ. ಶನಿವಾರ ಮೂರು ಸಲ ಗಟ್ಟಿಯಾಗಿ ಓದಿ, ಯೆಹೆಜ್ಕೇಲ, ಥೆಸಲೋನಿಕದಂಥ ಹೆಸರಿಗೆ ಗುರುತು ಹಾಕಿಕೊಂಡು ಬಂದು ಓದಿದರೆ ಆಯಿತು. ಇನ್ನೊಂದು ಪರೀಕ್ಷೆ ಸಮಿತಿಯ ಅವಧಿ ಮುಗಿದ ದಿನ. ಬೀಗದ ಕೈ, ರಸೀದಿ ಪುಸ್ತಕ, ಬ್ಯಾಂಕ್ ಪಾಸ್‌ಬುಕ್, ಮೈಕಿನ ಕೋಣೆಯ ಕೀಲಿ ಎಲ್ಲವನ್ನೂ ಪಟ್ಟಿ ಮಾಡಿ ಸಹಿ ಹಾಕಿಸಿ ಅಂದೇ ಒಪ್ಪಿಸುತ್ತೇವೆಯೇ? 3 ಯೋಹಾನದ ದಿಯೊತ್ರೇಫನಿಗೆ ಎಲ್ಲರಲ್ಲಿ ಮೊದಲನೆಯವನಾಗುವ ಆಸೆ ಇತ್ತು. ಅವನು ಧರ್ಮಗುರುವೇ ಆಗಿರಬೇಕಿಲ್ಲ, ಹದಿನೈದು ವರ್ಷ ಫೆಸ್ತ್ ಕಮಿಟಿ ಬಿಡದ ಅಧ್ಯಕ್ಷನೂ ಆಗಿರಬಹುದು.

ಗುರುಗಳಿಗೆ ಸಂತ ಬೆನೆಡಿಕ್ಟರ ನಿಯಮಾವಳಿಯ 3ನೇ ಅಧ್ಯಾಯ. ಮುಖ್ಯ ವಿಷಯವಿದ್ದಾಗ ಮಠಾಧಿಪತಿ ಎಲ್ಲರನ್ನೂ ಕರೆದು ಕೇಳಬೇಕು, ಒಳ್ಳೆಯದನ್ನು ಕರ್ತನು ಎಷ್ಟೋ ಸಲ ಕಿರಿಯನಿಗೆ ತಿಳಿಸುತ್ತಾನೆ ಎಂಬ ಕಾರಣಕ್ಕೆ. ಕೇಳಿದ ಮೇಲೆ ನಿರ್ಧಾರ ಅವರದೇ, ಉಳಿದವರು ಪಟ್ಟು ಹಿಡಿಯಬಾರದು ಎಂಬುದೂ ಅಲ್ಲೇ ಇದೆ.

ಕೋಡಿಬಾಗ_ಓದುಗ:
ಎಲ್ಲರಿಗೂ ಕೃತಜ್ಞತೆ. ಕೊನೆಯ ಒಂದು ಸಂಶಯ. ಹೆಂಚಿನ ವಂತಿಗೆ ಎತ್ತಿದ ಗುರುಗಳಿಗೆ ವರ್ಗವಾಗಿ ಹೊಸಬರು ಬಂದಿದ್ದರೆ ಯಾರನ್ನು ಕೇಳುವುದು? ಹಳಬರಿಗೆ ಫೋನ್ ಮಾಡುವುದು ಸರಿಯೇ?

ಲೆಕ್ಕಪತ್ರ:
ಹೊಸಬರನ್ನೇ ಕೇಳಿ. ನಿಧಿ ಧರ್ಮಕೇಂದ್ರದ್ದು, ಗುರುಗಳದ್ದಲ್ಲ. ಕ್ಯಾನನ್ 1284ರ ಪ್ರಕಾರ ಆಯವ್ಯಯದ ಪುಸ್ತಕ ಅಲ್ಲೇ ಇರಬೇಕು, ವರ್ಷದ ಕೊನೆಗೆ ವರದಿ ಆಗಿರಬೇಕು. ಬಂದ ಕೂಡಲೇ ಕೇಳಬೇಡಿ, ಅವರಿಗೆ ಮನೆಗಳ ದಾರಿಯೇ ಗೊತ್ತಿರುವುದಿಲ್ಲ. ಮೊದಲ ಹಣಕಾಸು ಸಮಿತಿ ಸಭೆ ಆಗಲಿ. "ಹಿಂದಿನವರು ಹೀಗೆ ಮಾಡಿದರು" ಎಂದು ಶುರು ಮಾಡದೆ, "ಛಾವಣಿ ನಿಧಿಯ ಉಳಿಕೆ ಎಷ್ಟೆಂದು ತಿಳಿದರೆ ಈ ಸಲದ ಕೆಲಸಕ್ಕೆ ಅಂದಾಜು ಮಾಡಬಹುದು" ಎಂದು ಕೇಳಿ. ಪುಸ್ತಕದಲ್ಲಿ ಅರ್ಥವಾಗದ್ದು ಸಿಕ್ಕರೆ ಹಳಬರಿಗೆ ಹೊಸಬರೇ ಫೋನ್ ಮಾಡಲಿ, ನೀವಲ್ಲ. ರಸೀದಿ ಪುಸ್ತಕಗಳು ನಿಮ್ಮ ವಾರ್ಡಿನಲ್ಲಿ ಯಾರ ಮನೆಯಲ್ಲಾದರೂ ಉಳಿದಿದ್ದರೆ ಆ ಸಭೆಗೆ ಮುಂಚೆ ಎಲ್ಲವನ್ನೂ ಕೂಡಿಸಿ ತಂದುಕೊಡಿ, ಬರೆಯದ ಹಾಳೆಗಳ ಸಮೇತ.